ಮುಂದಿನ ವರ್ಷ ಬರ್ತದೆ ಅಪ್ಪ

(1/7)
ಫೋಟೋದಲ್ಲಿ ಬೆನ್ನು ಮಾತ್ರ ಕಾಣ್ತಿರುವವನು ನನ್ನ ಅಪ್ಪ. ಜಾಗ ಬೇಲೆಕೇರಿ ದಡ. ಮುಖ ಹಾಕಬಾರದು ಅಂತ ಅವನದೇ ಷರತ್ತು. ಹಾಗಾಗಿ ಒಂದು ಬೆನ್ನು, ಒಂದು ಬಲೆ, ಹಿಂದೆ ಸಮುದ್ರ. ಇಷ್ಟರಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ.

ಕಳೆದ ವಾರ ಸ್ಟೋರಿಯಲ್ಲಿ ನಮ್ಮ ಪ್ರಾಜೆಕ್ಟಿನ ಕನ್ನಡಕ ಹಾಕಿದ್ದೆ. ತುಂಬಾ ಜನ ಮೆಸೇಜ್ ಮಾಡಿದ್ರಿ. "ಎಆರ್ ಗ್ಲಾಸಾ ಮಾರಾಯ? ಎಲ್ಲಿ ಸಿಗ್ತದೆ? ಎಷ್ಟು?" ಎಲ್ಲೂ ಸಿಗೂದಿಲ್ಲ. ಎಂತಕ್ಕೆ ಸಿಗೂದಿಲ್ಲ, ಸಿಗ್ತದೆ ಅಂತ ಕಾದು ನಮ್ಮ ಮನೆಯಲ್ಲಿ ಏನಾಯ್ತು, ಅದನ್ನೇ ಈ ಏಳು ಪೋಸ್ಟಿನಲ್ಲಿ ಬರೀತಿದ್ದೇನೆ. ಗೊತ್ತಿಲ್ಲದವರಿಗೆ: ಎಆರ್ ಕನ್ನಡಕ ಅಂದ್ರೆ ಎದುರಿಗೆ ಕಾಣುವ ನಿಜವಾದ ಜಗತ್ತಿನ ಮೇಲೆಯೇ ಅಕ್ಷರ, ಚಿತ್ರ ಮೂಡಿಸುವಂಥದ್ದು. ಕಣ್ಣು ಪೂರ್ತಿ ಮುಚ್ಚುವ ವಿಆರ್ ಡಬ್ಬಿ ಅಲ್ಲ.

ಅಪ್ಪ 22 ವರ್ಷ ಟ್ರಾಲರ್ ಬೋಟಿನಲ್ಲಿದ್ದ. ಕಾರವಾರದ ಬೈತಖೋಲ್ ಬಂದರಿನಿಂದ ಹೊರಡುವ ಬೋಟು. ಇಂಜಿನ್ ನೋಡ್ಕೊಳ್ಳೋದು ಅವನ ಕೆಲಸ. ಡೀಸೆಲ್ ಇಂಜಿನ್ನಿನ ಪಕ್ಕ ಹತ್ತು ನಿಮಿಷ ನಿಂತು ನೋಡಿ, ಹೊರಗೆ ಬಂದ ಮೇಲೂ ಕಿವಿಯಲ್ಲಿ ಜೀರುಂಡೆ ಕೂಗ್ತಿರ್ತದೆ. ಅಪ್ಪ ಅದರ ಪಕ್ಕ ನಿದ್ದೆಯನ್ನೂ ಮಾಡಿದ್ದಾನೆ.

ಕಿವಿ ಒಂದೇ ದಿನ ಹೋಗಲಿಲ್ಲ. ಮೊದಲು ಟಿವಿ ದೊಡ್ಡದಾಯ್ತು. ಆಮೇಲೆ ಫೋನಿನಲ್ಲಿ "ಹಾಂ? ಹಾಂ?" ಜಾಸ್ತಿಯಾಯ್ತು. ಊಟಕ್ಕೆ ಬಡಿಸುವಾಗ ಆಯಿ "ಸಾಕಾ?" ಅಂತ ಕೇಳಿದ್ರೆ ಅಪ್ಪನಿಗೆ "ಹಾಕ್ಲಾ?" ಅಂತ ಕೇಳಿಸ್ತಿತ್ತು. ತಲೆ ಆಡಿಸ್ತಿದ್ದ. ಆಯಿ ಇನ್ನೊಂದು ಸೌಟು ಅನ್ನ ಹಾಕ್ತಿದ್ಳು. ನಾವೆಲ್ಲ ನಗ್ತಿದ್ವಿ. ಅಪ್ಪನೂ ನಗ್ತಿದ್ದ, ಆದ್ರೆ ನಾವು ಯಾಕೆ ನಗ್ತಿದ್ದೇವೆ ಅಂತ ಅವನಿಗೆ ಗೊತ್ತಾಗ್ತಿರಲಿಲ್ಲ. ಇದು ನನಗೆ ಹೊಳೆದದ್ದು ಬಹಳ ತಡವಾಗಿ.

(2/7)
ಎರಡು ದಿನಾಂಕ ಹೇಳ್ತೇನೆ.

2020 ಜುಲೈ 15. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ರಿಸಲ್ಟಿಗೆ ಕಾಯ್ತಿದ್ದ ಸಮಯ. ಮೀನುಗಾರಿಕೆ ನಿಷೇಧ ಇದ್ದದ್ದರಿಂದ ಅಪ್ಪನೂ ಮನೆಯಲ್ಲಿ. ಆವತ್ತು ರಿಲಯನ್ಸ್ ಸಭೆಯಲ್ಲಿ ಜಿಯೋ ಗ್ಲಾಸ್ ತೋರಿಸಿದ್ರು, 75 ಗ್ರಾಂ ತೂಕ ಅಂದ್ರು. ಎದುರಿಗೆ ಮನುಷ್ಯರೇ ಬಂದು ಕೂತ ಹಾಗೆ ವಿಡಿಯೋ ಕಾಲ್. ನಾನು ಹುಚ್ಚನ ಹಾಗೆ ನೋಡಿದೆ. ಅಪ್ಪನಿಗೆ ಅದರಲ್ಲಿ ಆಸಕ್ತಿ ಬರಲಿಲ್ಲ.

2022 ಮೇ 11. ದ್ವಿತೀಯ ಪಿಯುಸಿ ಪರೀಕ್ಷೆ ಇನ್ನೂ ನಡೀತಿತ್ತು. ಓದೋದು ಬಿಟ್ಟು ಗೂಗಲ್‌ನ ಕಾರ್ಯಕ್ರಮ ನೋಡ್ತಿದ್ದೆ. ಕೊನೆಗೆ ಒಂದು ಸಣ್ಣ ವಿಡಿಯೋ. ಒಬ್ಬ ತಾಯಿ, ಒಬ್ಬಳು ಮಗಳು, ಇಬ್ಬರ ಭಾಷೆ ಬೇರೆ. ಕನ್ನಡಕ ಹಾಕಿಕೊಂಡ್ರೆ ಎದುರಿನವರ ಮಾತು ಕಣ್ಣೆದುರು ಅಕ್ಷರವಾಗಿ ಬರ್ತದೆ. ನೋಡಲಿಕ್ಕೆ ಮಾಮೂಲಿ ಕನ್ನಡಕದ ಹಾಗೇ ಇತ್ತು.

ಅದನ್ನು ಅಪ್ಪನಿಗೆ ತೋರಿಸಿದೆ. ನಾಲ್ಕು ಸಲ ನೋಡಿದ. "ತಮಾ, ಇದು ನಮ್ಮಲ್ಲಿ ಬರ್ತದಾ?"

"ಬರ್ತದೆ ಅಪ್ಪ. ಮುಂದಿನ ವರ್ಷ ಬರ್ತದೆ."

ಇಷ್ಟು ಖುಷಿ ಯಾಕೆ ಅಂತ ಕೇಳ್ತೀರಾ? ಅದಕ್ಕೂ ಒಂದು ತಿಂಗಳು ಮುಂಚೆ ಆಯಿ ಕಿವಿಯ ಮಷಿನ್ ಬಗ್ಗೆ ಮಾತೆತ್ತಿದಾಗ ಅಪ್ಪ ತಟ್ಟೆ ಬಿಟ್ಟು ಎದ್ದು ಹೋಗಿದ್ದ. "ಕಿವಿಗೆ ಮಷಿನ್ ಹಾಕಿದ್ರೆ ಕಿವುಡ ಅಂತಾರೆ. ಕನ್ನಡಕ ಹಾಕಿದ್ರೆ ಓದಿದವ ಅಂತಾರೆ." ಇದು ಅವನದೇ ಮಾತು. ಈಗ ನಾನು ಅವನಿಗೆ ಕನ್ನಡಕದ ದಾರಿ ತೋರಿಸಿಬಿಟ್ಟಿದ್ದೆ. ಇನ್ನು ಕಿವಿಯ ಡಾಕ್ಟರ ಹತ್ತಿರ ಹೋಗುವ ಮಾತೇ ಇಲ್ಲ. ಕೇಳಿದವರಿಗೆಲ್ಲ, "ಮಗ ತರ್ಸ್ತಾನೆ, ಮುಂದಿನ ವರ್ಷ ಬರ್ತದೆ" ಅಂತಿದ್ದ.

(3/7)
ಈಗ ಆ ಮುಂದಿನ ವರ್ಷಗಳ ಲೆಕ್ಕ.

ಗೂಗಲ್ ಆ ವಿಡಿಯೋದ ಕನ್ನಡಕವನ್ನು ಮಾರಾಟಕ್ಕೆ ತರಲಿಲ್ಲ. 2013ರಿಂದ ಒಂದಲ್ಲ ಒಂದು ರೂಪದಲ್ಲಿದ್ದ ಗೂಗಲ್ ಗ್ಲಾಸನ್ನೂ 2023ರ ಮಾರ್ಚ್‌ನಲ್ಲಿ ನಿಲ್ಲಿಸಿತು.

ಮೈಕ್ರೋಸಾಫ್ಟಿನ ಹೋಲೋಲೆನ್ಸ್ ಕಥೆ ನಮ್ಮ ಕ್ಲಾಸಿನವರಿಗೆ ಗೊತ್ತು, ಸೆಮಿನಾರಿನಲ್ಲಿ ತಲೆ ತಿಂದಿದ್ದೇನೆ. ಮೊದಲನೆಯದು 2016ರಲ್ಲಿ ಬಂತು. ಎರಡನೆಯದನ್ನು 2019ರ ಫೆಬ್ರವರಿಯಲ್ಲಿ ಬಾರ್ಸಿಲೋನಾದಲ್ಲಿ ತೋರಿಸಿದ್ರು, ಕೈಗೆ ಸಿಕ್ಕಿದ್ದು ನವೆಂಬರಿನಲ್ಲಿ, ಬೆಲೆ 3,500 ಡಾಲರ್. ಮೂರನೆಯದು? ಬರಲೇ ಇಲ್ಲ. 2024ರ ಅಕ್ಟೋಬರಿನಲ್ಲಿ ಎರಡನೆಯದರ ತಯಾರಿಕೆಯನ್ನೂ ನಿಲ್ಲಿಸ್ತೇವೆ ಅಂದ್ರು. ಅದೇ ತಂತ್ರಜ್ಞಾನ ನಂಬಿ ಅಮೆರಿಕದ ಸೇನೆ 2021ರಲ್ಲಿ ಹತ್ತು ವರ್ಷಕ್ಕೆ 2,188 ಕೋಟಿ ಡಾಲರ್‌ವರೆಗಿನ ಒಪ್ಪಂದ ಮಾಡಿಕೊಂಡಿತ್ತು. ಪರೀಕ್ಷೆಯಲ್ಲಿ ಸೈನಿಕರಿಗೆ ತಲೆನೋವು, ವಾಕರಿಕೆ, ಕಣ್ಣುನೋವು. ದಿನಾಂಕ ಮುಂದೆ ಮುಂದೆ ಹೋಗಿ 2025ರಲ್ಲಿ ಆ ಕೆಲಸ ಆಂಡುರಿಲ್ ಅನ್ನುವ ಇನ್ನೊಂದು ಕಂಪನಿಯ ಕೈಗೆ ಹೋಯ್ತು. ಅಷ್ಟು ದುಡ್ಡಿದ್ದವರ ಪಾಡೇ ಹೀಗೆ.

ಮೆಟಾದವರು 2024ರ ಸೆಪ್ಟೆಂಬರಿನಲ್ಲಿ ಒರಾಯನ್ ತೋರಿಸಿದ್ರು. ಸುಮಾರು 100 ಗ್ರಾಂ ತೂಕ, ನೋಟದ ಅಗಲ 70 ಡಿಗ್ರಿ. ಅದ್ಭುತ. ಆದರೆ ಅದು ಮಾದರಿ ಮಾತ್ರ, ಮಾರೂದಿಲ್ಲ ಅಂತ ಅವರೇ ಹೇಳಿದ್ರು. ಆಪಲ್ ವಿಷನ್ ಪ್ರೋ 2024ರಲ್ಲಿ ಅಮೆರಿಕದಲ್ಲಿ ಬಂತು. ಅರ್ಧ ಕಿಲೋ ಮೀರಿದ ಭಾರ, 3,499 ಡಾಲರ್. ಮುಂದಿನದ್ದು ಹಗುರ ಇರ್ತದೆ ಅಂತ ಕಾದವರಿಗೆ 2025ರ ಅಕ್ಟೋಬರಿನಲ್ಲಿ ಸಿಕ್ಕಿದ್ದು ಹೊಸ ಚಿಪ್ಪು ಮತ್ತು ಹೊಸ ಪಟ್ಟಿ. ಭಾರ ಇಳಿಯಲಿಲ್ಲ.

ಅಂಕೋಲೆಯವರಿಗೆ ಕಾಯೋದು ಹೊಸದಲ್ಲ ಬಿಡಿ. 1990ರ ದಶಕದಲ್ಲಿ ಮಂಜೂರಾದ ಹುಬ್ಬಳ್ಳಿ–ಅಂಕೋಲಾ ರೈಲಿಗೆ ನಮ್ಮ ಅಜ್ಜ ಕಾದಿದ್ದ, ಅಪ್ಪ ಕಾದ, ಈಗ ನಾನು. "ನಿನ್ನ ಕನ್ನಡಕ ರೈಲಿನಲ್ಲಿ ಬರ್ತದೇನೋ" ಅಂತ ಮಾವ ತಮಾಷೆ ಮಾಡ್ತಿದ್ದ.

(4/7)
ನಾನೂ ಸುಮ್ಮನೆ ಕೂರಲಿಲ್ಲ, ಪೆದ್ದತನ ಮಾಡಿದೆ. ಮಾತನ್ನು ಅಕ್ಷರ ಮಾಡ್ತದೆ ಅನ್ನುವ ಒಂದು ಕನ್ನಡಕಕ್ಕೆ ಆನ್‌ಲೈನಿನಲ್ಲಿ ಮುಂಗಡ ಕಟ್ಟಿದೆ. ಟ್ಯೂಷನ್ ಹೇಳಿಕೊಟ್ಟು ಉಳಿಸಿದ 9,000 ರೂಪಾಯಿ. ಕಂಪನಿ ಹೆಸರು ಬೇಡ. ಅಕ್ಟೋಬರ್ ಅಂದ್ರು, ಜನವರಿ ಅಂದ್ರು, ಆಮೇಲೆ "ಎರಡನೇ ತ್ರೈಮಾಸಿಕ" ಅಂದ್ರು. ಪ್ರತಿ ಇಮೇಲಿನಲ್ಲೂ "ಇನ್ನೂ ಉತ್ತಮ ಅನುಭವಕ್ಕಾಗಿ" ಅನ್ನುವ ಸಾಲು. ಕೊನೆಗೆ ದುಡ್ಡು ವಾಪಸ್ ಬಂತು, ಕನ್ನಡಕ ಬರಲಿಲ್ಲ. ಪ್ರತಿ ಸಲ ದಿನಾಂಕ ಬದಲಾದಾಗ ಅಪ್ಪನಿಗೆ ಹೇಳೋದು ನನ್ನ ಕೆಲಸ. ಬಾಯಿ ಅಗಲ ಮಾಡಿ, ನಿಧಾನಕ್ಕೆ, ಕೂಗಿ ಹೇಳ್ಬೇಕು: "ಇನ್ನೂ. ಮೂರು. ತಿಂಗಳು."

ಯಾಕಿಷ್ಟು ತಡ? ಎಂಜಿನಿಯರಿಂಗಿಗೆ ಸೇರಿದ ಮೇಲೆ ಅರ್ಥ ಆಗ್ಲಿಕ್ಕೆ ಶುರುವಾಯ್ತು. ಎಲ್ಲ ಕಂಪನಿಗಳಿಗೂ ಸೋಮಾರಿತನ ಅಂದ್ಕೊಂಡಿದ್ದೆ. ಹಾಗಲ್ಲ.

ಒಂದು ಸಣ್ಣ ಲೆಕ್ಕ. ನಿಮ್ಮ ಮಾಮೂಲಿ ಕನ್ನಡಕ 25–30 ಗ್ರಾಂ. ಹೋಲೋಲೆನ್ಸ್ 2ರ ತೂಕ 566 ಗ್ರಾಂ. ಅರ್ಧ ಕಿಲೋಗಿಂತ ಜಾಸ್ತಿ ಬಂಗಡೆ ಮೀನನ್ನು ಹಣೆಗೆ ಕಟ್ಟಿಕೊಂಡು ಓಡಾಡಿ ನೋಡಿ. ಹಗುರ ಮಾಡ್ಬೇಕು ಅಂದ್ರೆ ಬ್ಯಾಟರಿ ಸಣ್ಣದು ಮಾಡ್ಬೇಕು. ಬ್ಯಾಟರಿ ಸಣ್ಣದಾದ್ರೆ ಬೆಳಕು ಕಡಿಮೆ. ಬೆಳಕು ಕಡಿಮೆಯಾದ್ರೆ ನಮ್ಮ ಟ್ಯಾಗೋರ್ ಕಡಲತೀರದ ಮಧ್ಯಾಹ್ನದ ಬಿಸಿಲಲ್ಲಿ ಒಂದಕ್ಷರ ಕಾಣೂದಿಲ್ಲ. ಬೆಳಕು ಜಾಸ್ತಿ ಮಾಡಿದ್ರೆ ಬಿಸಿ. ಆ ಬಿಸಿ ಎಲ್ಲಿ ಹೋಗ್ಬೇಕು? ನಿಮ್ಮ ಕಪಾಲಕ್ಕೇ. ಇನ್ನು ಗಾಜು. ಸಣ್ಣ ಪರದೆಯ ಬೆಳಕು ಗಾಜಿನ ಒಳಗೇ ಪುಟಿಯುತ್ತ ಸಾಗಿ ಕಣ್ಣಿನ ಎದುರು ಹೊರಗೆ ಬೀಳ್ಬೇಕು. ದಾರಿಯಲ್ಲೇ ಬಹುಪಾಲು ಸೋರಿಹೋಗ್ತದೆ. ಚಿತ್ರ ಅಗಲ ಬೇಕು ಅಂದಷ್ಟೂ ಆ ಗಾಜು ಮಾಡೋದು ಕಷ್ಟ, ದುಬಾರಿ. ಒರಾಯನ್ನಿಗೆ ಗಾಜೇ ಬೇಡ ಅಂತ ಸಿಲಿಕಾನ್ ಕಾರ್ಬೈಡ್ ಹಾಕಿದ್ರು, ಅಂಗಡಿಯಲ್ಲಿ ಮಾರುವ ಬೆಲೆಗೆ ಅದನ್ನು ಮಾಡ್ಲಿಕ್ಕೆ ಆಗಲಿಲ್ಲ.

ಇದೆಲ್ಲ ಓದಿ ಕಂಪನಿಗಳ ಮೇಲಿನ ಸಿಟ್ಟು ಇಳೀತು. ನನ್ನ ಮೇಲಿನದ್ದು ಶುರುವಾಯ್ತು.

(5/7)
ಈ ಪೋಸ್ಟಿಗೆ ಫೋಟೋ ಇಲ್ಲ. ಕಪ್ಪು ಸ್ಲೈಡ್ ಬೇಕಂತಲೇ ಹಾಕಿದ್ದು.

2024 ಜುಲೈ 16. ಶಿರೂರಿನಲ್ಲಿ ಗುಡ್ಡ ಕುಸಿದ ದಿನ. ನಮ್ಮ ತಾಲೂಕಿನವರಿಗೆ ಬಿಡಿಸಿ ಹೇಳೋದೇನಿಲ್ಲ. ನಾನು ಕಾರವಾರದ ರೂಮಿನಲ್ಲಿದ್ದೆ. ಬೆಳಿಗ್ಗೆ ವಾಟ್ಸಾಪಿನಲ್ಲಿ ವಿಡಿಯೋ ಬಂತು. ಮನೆಗೆ ಫೋನ್ ಮಾಡಿದ್ರೆ ಆಯಿ ಅಳ್ತಾ ಇದ್ಳು. ಅಪ್ಪ ಬೆಳಿಗ್ಗೆಯೇ ಬಲೆಯ ಸಾಮಾನು ತರ್ತೇನೆ ಅಂತ ಕುಮಟಾ ಬಸ್ಸು ಹತ್ತಿದ್ದ. ಅದೇ ಹೈವೇ.

ಅವನ ಫೋನಿಗೆ ಹದಿನೇಳು ಸಲ ಮಾಡಿದೆ. ರಿಂಗ್ ಆಗ್ತಿತ್ತು. ಎತ್ತುತ್ತಿರಲಿಲ್ಲ. ಬೇರೆ ಯಾರ ಅಪ್ಪನಾದ್ರೂ ಎತ್ತದೇ ಇದ್ರೆ ಒಂದೇ ಅರ್ಥ. ನನ್ನ ಅಪ್ಪ ಎತ್ತದೇ ಇದ್ರೆ ಎರಡು. ಆ ಎರಡರ ನಡುವೆ ಅಂಕೋಲೆವರೆಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದೆ. ಸುರಂಗದಲ್ಲಿ ನೆಟ್‌ವರ್ಕ್ ಹೋದಾಗ ಎದೆ ಬಡಿತ ನನಗೇ ಕೇಳಿಸ್ತಿತ್ತು.

ಅಪ್ಪ ಮಧ್ಯಾಹ್ನ ಮನೆಗೆ ಬಂದ, ಪೂರ್ತಿ ಒದ್ದೆಯಾಗಿ. ಗುಡ್ಡಕ್ಕೆ ಬಹಳ ಮುಂಚೆಯೇ ಬಸ್ಸು ನಿಲ್ಲಿಸಿದ್ರಂತೆ. ಎಲ್ಲರೂ ಇಳಿದು ಓಡಾಡ್ತಿದ್ರು, ಕೂಗ್ತಿದ್ರು. "ಎಂತ ಆಯ್ತು ಅಂತ ನಾಲ್ಕು ಜನರ ಹತ್ರ ಕೇಳ್ದೆ ತಮಾ. ಬಾಯಿ ಆಡ್ತಿತ್ತು. ಮಾತು ಹತ್ಲಿಲ್ಲ." ಯಾರಿಗೂ ನಿಂತು ನಿಧಾನ ಹೇಳುವ ಪುರಸೊತ್ತು ಇರಲಿಲ್ಲ, ಅವರ ತಪ್ಪಲ್ಲ. ಮಳೆಯಲ್ಲಿ ನಡ್ಕೊಂಡು, ಯಾರದ್ದೋ ಗಾಡಿ ಹತ್ತಿ ವಾಪಸ್ ಬಂದ. ಏನಾಗಿದೆ ಅಂತ ಅವನಿಗೆ ತಿಳಿದದ್ದು ಮನೆಯ ಟಿವಿಯಲ್ಲಿ, ಕೆಳಗೆ ಓಡುವ ಅಕ್ಷರ ಓದಿ.

ಓದಿ ಮುಗಿಸಿ ನನ್ನ ಕಡೆ ನೋಡಿದ. ಏನೂ ಕೇಳಲಿಲ್ಲ. ಕನ್ನಡಕ ಯಾವಾಗ ಅಂತ ಕೂಡ.

(6/7)
ಮುಂದಿನ ತಿಂಗಳೇ ಅಪ್ಪನನ್ನು ಕಿವಿ ಪರೀಕ್ಷೆಗೆ ಕರ್ಕೊಂಡು ಹೋದೆ. ಈ ಸಲ ಜಗಳ ಮಾಡಲಿಲ್ಲ. ಎರಡನೇ ಫೋಟೋದಲ್ಲಿರೋದು ಆ ರಿಪೋರ್ಟ್. ಗೆರೆ ಎಡಗಡೆ ಮೇಲಿದೆ, ಬಲಕ್ಕೆ ಹೋದ ಹಾಗೆ ಕಾಳಿ ನದಿಗೆ ಇಳಿಯುವ ಗುಡ್ಡದ ಹಾಗೆ ಬಿದ್ದಿದೆ. ಇಂಜಿನ್ ಸದ್ದು ಮೊದಲು ತಿನ್ನೋದು ತೀಕ್ಷ್ಣ ಸ್ವರಗಳನ್ನು. ಸ, ಶ, ತ, ಕ ಇವೆಲ್ಲ ಆ ಕಡೆ ಇರುವ ಅಕ್ಷರಗಳು. ಆ, ಓ ಅನ್ನುವ ಸ್ವರಗಳು ಉಳಿದಿರ್ತವೆ. ಅದಕ್ಕೇ ಕೂಗಿದ್ದು ಕೇಳ್ತದೆ, ಹೇಳಿದ್ದು ತಿಳಿಯೂದಿಲ್ಲ. "ಸಾಕಾ"ದಲ್ಲಿ ಸಕಾರ ಹೋದ್ರೆ ಉಳಿಯೋದು ಎಂತ ಹೇಳಿ?

ಪರೀಕ್ಷೆ ಮಾಡಿದವರು ಕೇಳಿದ್ರು, "ಎಷ್ಟು ವರ್ಷದಿಂದ ಹೀಗೆ? ಮೊದಲೇ ಯಾಕೆ ಬರಲಿಲ್ಲ?" ಬಹಳ ಕಾಲ ಮಾತು ಸರಿಯಾಗಿ ಕೇಳದೇ ಇದ್ರೆ ಮಿದುಳಿಗೂ ಅದರ ಅಭ್ಯಾಸ ತಪ್ಪುತ್ತದಂತೆ. ಆಮೇಲೆ ಮಷಿನ್ ಹಾಕಿದ್ರೂ ಹೊಂದಿಕೊಳ್ಳಲಿಕ್ಕೆ ಹೆಚ್ಚು ಸಮಯ ಬೇಕು. ನಾನು ನೆಲ ನೋಡ್ದೆ. ಅಪ್ಪನಿಗೆ ಆ ಪ್ರಶ್ನೆ ಕೇಳಿಸಿರಲಿಲ್ಲ. ನಾನು ಅನುವಾದವನ್ನೂ ಮಾಡಲಿಲ್ಲ. ಇವತ್ತು ಇಲ್ಲಿ ಬರೀತಿದ್ದೇನೆ, ಅವನು ಓದ್ತಾನೆ.

ಇನ್ನೂ ಒಂದು ಮುಖಕ್ಕೆ ಹೊಡೆದ ಹಾಗಾಯ್ತು. ಅದೇ ದಿನ ಅಲ್ಲಿದ್ದ ಒಬ್ಬ ಹುಡುಗಿ ತನ್ನ ಅಜ್ಜನ ಎದುರು ಫೋನ್ ಹಿಡಿದು ಮಾತಾಡ್ತಿದ್ಳು, ಪರದೆ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಮಾತು ಮೂಡ್ತಿತ್ತು. ಲೈವ್ ಟ್ರಾನ್ಸ್‌ಕ್ರೈಬ್. ಗೂಗಲ್‌ನದೇ ಆ್ಯಪ್, ಉಚಿತ, 2019ರಿಂದ ಇದೆ. ಅಂದ್ರೆ ನಾನು ಅಪ್ಪನಿಗೆ ಆ ವಿಡಿಯೋ ತೋರಿಸಿದ ದಿನ, ತೋರಿಸಿದ ಫೋನಿನಲ್ಲೇ, ಅರ್ಧ ಕೆಲಸ ಆಗಿಹೋಗಿತ್ತು. ತಡ ಆಗಿದ್ದು ಕನ್ನಡಕ. ಅಕ್ಷರ ತಡ ಆಗಿರಲಿಲ್ಲ. ನನಗೆ ಬೇಕಿದ್ದದ್ದು ಕನ್ನಡಕ, ಅಪ್ಪನಿಗೆ ಬೇಕಿದ್ದದ್ದು ಅಕ್ಷರ.

ಈಗ ಅಪ್ಪ ಎರಡೂ ಬಳಸ್ತಾನೆ, ಕಿವಿಗೆ ಮಷಿನ್, ಜೇಬಿನಲ್ಲಿ ಆ್ಯಪ್. ದಡದ ಗಾಳಿಗೆ ಮಷಿನ್ ಭೋರ್ ಅನ್ನುತ್ತದೆ ಅಂತ ಬೈದು ತೆಗೆದಿಡ್ತಾನೆ. ಆ್ಯಪ್ ಪುಸ್ತಕದ ಕನ್ನಡಕ್ಕೆ ಚೆನ್ನಾಗಿದೆ, ನಮ್ಮ ಕಡೆ ಮಾತಿಗೆ ಒದ್ದಾಡ್ತದೆ. ಕೊಂಕಣಿ ನಡುವೆ ಬಂದ್ರಂತೂ ಮುಗೀತು. ಮೀನು ಮಾರ್ಕೆಟಿನಲ್ಲಿ "ಬಂಗಡೆ ಇನ್ನೂರು" ಅಂದಿದ್ದಕ್ಕೆ "ಬಂಗಾರ ಇನ್ನೂರು" ಅಂತ ತೋರಿಸ್ತು. ಅಪ್ಪ ಫೋನನ್ನು ಆ ಬಾಯಿಗೇ ತೋರಿಸಿ, "ಇಪ್ಪತ್ತು ತೊಲ ಕೊಡು" ಅಂದ. ಬಹಳ ವರ್ಷದ ಮೇಲೆ ಅವನು ಮಾರ್ಕೆಟಿನಲ್ಲಿ ಜೋಕ್ ಮಾಡಿದ್ದು ಅದು.

(7/7)
ಕೊನೆಯ ಫೋಟೋ ನಮ್ಮ ಕನ್ನಡಕ.

2025ರಲ್ಲಿ ರೇ-ಬ್ಯಾನ್ ಮೆಟಾ ಭಾರತಕ್ಕೆ ಬಂತು, 29,900 ರೂಪಾಯಿಂದ ಶುರು. ಓಡಿ ಹೋಗಿ ನೋಡಿದ್ರೆ ಅದರಲ್ಲಿ ಪರದೆ ಇಲ್ಲ, ಕ್ಯಾಮೆರಾ ಮತ್ತು ಸ್ಪೀಕರ್ ಇದೆ. ಅಪ್ಪನಿಗೆ ಸ್ಪೀಕರ್! ಪರದೆ ಇರುವ ಮಾದರಿ, ಮಾತನ್ನು ಅಕ್ಷರ ಮಾಡುವಂಥದ್ದು, ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಂತು, 799 ಡಾಲರ್. ಬರುವಾಗ ಅದರ ಭಾಷೆಗಳಲ್ಲಿ ಕನ್ನಡ ಇರಲಿಲ್ಲ. ಬೇರೆ ದೇಶಗಳಿಗೆ ಕೊಡೋದನ್ನು ಸ್ಟಾಕ್ ಸಾಲದು ಅಂತ 2026ರ ಜನವರಿಯಲ್ಲಿ ಮುಂದೂಡಿದ್ರು. ಆ ಸುದ್ದಿ ಓದಿ ನಗು ಬಂತು. ಆದ್ರೆ ಅದರಲ್ಲೊಂದು ವಿಷಯ ನೋಡಿದೆ. ಆ ಪರದೆಯ ಅಗಲ ಬರೀ 20 ಡಿಗ್ರಿ, ಒಂದೇ ಕಣ್ಣಿಗೆ. ಎರಡು ಸಾಲು ಅಕ್ಷರಕ್ಕೆ ಅಷ್ಟೇ ಸಾಕಲ್ಲ?

ಹಾಗೆ ಶುರುವಾದದ್ದು ನಾವು ನಾಲ್ಕು ಜನರ ಪ್ರಾಜೆಕ್ಟ್. ಒಂದು ಇಎಸ್‌ಪಿ32 ಬೋರ್ಡು, ಬೆರಳಿನಷ್ಟು ಓಎಲ್‌ಇಡಿ ಪರದೆ, ಎದುರಿಗೆ ಓರೆಯಾಗಿ ಅಕ್ರಿಲಿಕ್ ತುಂಡು, ಹಳೇ ಕಾರ್ಡ್‌ಬೋರ್ಡ್ ವಿಆರ್ ಡಬ್ಬಿಯಿಂದ ಕಿತ್ತ ಲೆನ್ಸು. ಬ್ಯಾಟರಿ ಅಂಗಿ ಜೇಬಿನಲ್ಲಿ. ಮೊದಲ ದಿನ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಎರಡನೇ ದಿನ ನೆಟ್ಟಗೆ ಬಂತು, ಆದ್ರೆ ಮಸುಕು, ಕಣ್ಣಿಗೆ ಅಷ್ಟು ಹತ್ತಿರದ್ದು ಹಿಡಿಯೂದಿಲ್ಲ, ಅದಕ್ಕೇ ಲೆನ್ಸು. ಆಮೇಲೆ ಒತ್ತಕ್ಷರದ ಕಾಟ. ಆ ಸಣ್ಣ ಪರದೆಗೆ ಕನ್ನಡ ಜೋಡಿಸಲಿಕ್ಕೆ ಬರೂದಿಲ್ಲ. ಫೋನಿನಲ್ಲೇ ಅಕ್ಷರವನ್ನು ಚಿತ್ರ ಮಾಡಿ ಕಳಿಸ್ಬೇಕು. ಇಂಗ್ಲಿಷಿಗೆ ನಾಲ್ಕು ಸಾಲು ಹಿಡಿಯುವ ಜಾಗದಲ್ಲಿ ನಮಗೆ ಎರಡೇ ಸಾಲು, ಯಾಕಂದ್ರೆ ನಮ್ಮ ಅಕ್ಷರ ಕೆಳಗೂ ಬೆಳೀತದೆ.

ಮಾರ್ಚ್‌ಗೆ ಮುಗಿಸ್ತೇವೆ ಅಂದಿದ್ವಿ. ಏಪ್ರಿಲ್ ಆಯ್ತು. ಗೈಡ್ ಮೇಡಂ ಹತ್ರ ಮೇ ಅಂದ್ವಿ. ಕಾರಣ ಹೇಳುವಾಗ ನನ್ನ ಬಾಯಿಂದ "ಇನ್ನೂ ಉತ್ತಮ ಅನುಭವ" ಅನ್ನುವ ಮಾತು ಬಂದೇಬಿಟ್ಟಿತು. ಟೀಮಿನವರು ಸಾಕ್ಷಿ.

ಕಳೆದ ಭಾನುವಾರ ದಡದಲ್ಲಿ ಅಪ್ಪನಿಗೆ ಹಾಕಿಸಿದೆ. ಬಿಸಿಲಿಗೆ ಏನೇನೂ ಕಾಣಲಿಲ್ಲ. ಬೋಟಿನ ನೆರಳಿಗೆ ಕರ್ಕೊಂಡು ಹೋದ್ರೆ ಅರ್ಧ ಕಂಡಿತು. ರಾತ್ರಿ ಮನೆಯೊಳಗೆ, ಊಟಕ್ಕೆ ಕೂತಾಗ, ಸರಿಯಾಗಿ ಕಂಡಿತು. ಆಯಿ ಸೌಟು ಹಿಡಿದು ಕೇಳಿದ್ಳು, "ಸಾಕಾ?"

ಅಪ್ಪ ಗಾಳಿಯಲ್ಲಿ ಏನನ್ನೋ ಓದಿದ. ತಟ್ಟೆ ಮುಂದೆ ಮಾಡಿದ.

"ಸಾಕಾ ಅಂತ ಬಂತಾ ಇಲ್ವಾ?" ನಾನು ಕೂಗಿದೆ.

"ಬಂತು. ಸಾಲೂದಿಲ್ಲ, ಹಾಕು."

ಆಯಿ ಸೌಟು ಹಿಡಿದೇ ನಿಂತಳು. "ಹಾಗಾದ್ರೆ ಇಷ್ಟು ವರ್ಷ ಹಸಿವಾಗಿಯೇ ತಲೆ ಆಡಿಸಿದ್ದಾ ನೀವು?"

ಊಟ ಮುಗಿಸಿ ಕನ್ನಡಕ ತೆಗೆದು ಕೈಯಲ್ಲಿ ತೂಗಿ ನೋಡಿದ. ಮೂಗಿನ ಮೇಲೆ ಕೆಂಪು ಗುರುತು ಬಿದ್ದಿತ್ತು. "ಭಾರ ಆಯ್ತು ತಮಾ. ಮುಂದಿನದ್ದು ಯಾವಾಗ?"

ನಾನು ಬಾಯಿ ತೆರೆಯೋದರೊಳಗೆ ಅವನೇ ಹೇಳಿದ, "ಆಗಸ್ಟ್ 1ಕ್ಕೆ ಬೋಟು ಬಿಡ್ತಾರೆ. ಅಷ್ಟರೊಳಗೆ ನನ್ನ ಬಲೆ ರೆಡಿ ಇರ್ತದೆ. ನಿಂದು ನೋಡ್ಕೋ."

#ಅಂಕೋಲಾ #ಕಾರವಾರ #ಅಪ್ಪ #ಮುಂದಿನವರ್ಷಬರ್ತದೆ